ಬಲೆಗೆ ಬಿದ್ದ ನೊಣ ಯಾವ ಮನೆಯದು?

ಮಾವು, ಸೀಬೆ ಕಾಯಿ ಬಲಿಯುವ ಹೊತ್ತಿಗೆ ಅರಸೀಕೆರೆ, ಕಡೂರು, ತರೀಕೆರೆ ಕಡೆಯ ತೋಟಗಳಲ್ಲಿ ಮೋಹಕ ಬಲೆಗಳು ಕಾಣತೊಡಗುತ್ತವೆ. ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೀಥೈಲ್ ಯೂಜಿನಾಲ್ ಅನ್ನುವ, ನೊಣ ಸೆಳೆಯುವ ವಾಸನೆಯ ರಾಸಾಯನಿಕ ಹೀರಿಕೊಂಡ ಮರದ ತುಂಡು, ಅಷ್ಟೇ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ತಳದಲ್ಲಿ ಸತ್ತ ನೊಣಗಳ ರಾಶಿ. ‘ಹಣ್ಣುನೊಣ ಚೆನ್ನಾಗಿ ಬಿದ್ದಿದೆ’ ಅಂತ ಹೇಳಿ ರಾಶಿ ಚೆಲ್ಲಿಬಿಡುತ್ತಾರೆ. ಚೆಲ್ಲುವ ಮೊದಲು ಅದನ್ನು ಬಿಳಿ ಕಾಗದದ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಒಮ್ಮೆ ನೋಡಿ.

ಕೆಲವುಗಳ ಎದೆಯ ಮೇಲ್ಭಾಗ ಕಪ್ಪು, ಎರಡೂ ಬದಿಗೆ ಒಂದೊಂದು ಹಳದಿ ಪಟ್ಟಿ, ಹೊಟ್ಟೆಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂಥ ಕಪ್ಪು ಗುರುತು. ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಒಂದು ತೆಳ್ಳನೆಯ ಕಂದು ಗೆರೆ, ತುದಿಯವರೆಗೆ ಎಲ್ಲೂ ಕಡಿಯದೆ ಹೋಗುತ್ತದೆ. ಇದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಮಾವಿನ ಬೆಳೆಗಾರರಿಗೆ ಜಾಸ್ತಿ ನಷ್ಟ ಮಾಡುವುದು ಇದೇ. ಅದರ ಪಕ್ಕದಲ್ಲೇ ಸ್ವಲ್ಪ ಕೆಂಪು ಮಿಶ್ರಿತ ಕಂದು ಬಣ್ಣದ್ದು ಬಿದ್ದಿರಬಹುದು. ರೆಕ್ಕೆಯ ಅಂಚಿನ ಗೆರೆ ಅರ್ಧಕ್ಕೇ ನಿಂತು, ತುದಿಯಲ್ಲಿ ಒಂದು ಚುಕ್ಕೆ ಮಾತ್ರ ಇದ್ದರೆ ಅದು ಬ್ಯಾಕ್ಟ್ರೊಸೆರಾ ಜೊನೇಟಾ. ತುದಿಯಲ್ಲಿ ಅದೇ ಥರದ ಚುಕ್ಕೆ ಇದ್ದು, ಮುಖದ ಮೇಲೆ ಅಡ್ಡಲಾಗಿ ಕಪ್ಪು ಗುರುತಿದ್ದರೆ ಬ್ಯಾಕ್ಟ್ರೊಸೆರಾ ಕರೆಕ್ಟಾ. ಇದಕ್ಕೆ ಸೀಬೆ ಅಂದರೆ ಬಹಳ ಇಷ್ಟ. ಮಲೆನಾಡಿನ ಅಂಚಿನ ತೋಟವಾದರೆ ಬ್ಯಾಕ್ಟ್ರೊಸೆರಾ ಕ್ಯಾರಿಯೇ ಕೂಡ ಸಿಗಬಹುದು. ನಮ್ಮ ಕಾಡಿನ ಕೌಲು ಮರದ ಹಣ್ಣಿನಲ್ಲಿ ಬೆಳೆಯುವ ನೊಣ ಅದು. ಆ ಮರದ ಸಸ್ಯಶಾಸ್ತ್ರೀಯ ಹೆಸರಿನಿಂದಲೇ ನೊಣಕ್ಕೂ ಹೆಸರು ಬಂದಿದೆ. ಮೊದಲ ನೋಟಕ್ಕೆ ಇದನ್ನು ಡಾರ್ಸಾಲಿಸ್ ಅಂದುಕೊಳ್ಳುವವರೇ ಹೆಚ್ಚು. ಕಾಲಿನ ತೊಡೆಯ ಮೇಲಿನ ಕಪ್ಪು ಗುರುತು ನೋಡಿ ಬೇರೆ ಮಾಡಬೇಕು.

ಈ ನಾಲ್ಕೂ ಒಂದೇ ವಾಸನೆಗೆ ಬರುತ್ತವೆ. ಬರುವುದು ಗಂಡು ಮಾತ್ರ. ಹಣ್ಣಿಗೆ ಚುಚ್ಚಿ ಮೊಟ್ಟೆ ಇಡುವ ಹೆಣ್ಣು ಈ ಬಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಡಬ್ಬಿ ತುಂಬಿತು ಅಂದಮಾತ್ರಕ್ಕೆ ಹಣ್ಣು ಉಳಿಯಿತು ಅಂತ ಹೇಳಲು ಆಗದು. ಬಿದ್ದಿದ್ದರಲ್ಲಿ ನಿಮ್ಮ ಬೆಳೆ ಹಾಳು ಮಾಡುವುದು ಎಷ್ಟು, ಕಾಡಿನಲ್ಲಿ ತನ್ನ ಪಾಡಿಗೆ ಬದುಕುವುದು ಎಷ್ಟು ಅನ್ನುವುದು ಗೊತ್ತಾಗದೆ ಬಲೆಯ ಲೆಕ್ಕಕ್ಕೆ ಅರ್ಥ ಇಲ್ಲ. ಹಾಗಲ, ಹೀರೆ, ಸೌತೆ ಬೆಳೆಯುವವರ ಕಷ್ಟ ಇನ್ನೊಂದು ಥರ. ಬಳ್ಳಿಯ ಕಾಯಿಗಳನ್ನು ಕೊಳೆಸುವ ನೊಣ ಮೀಥೈಲ್ ಯೂಜಿನಾಲ್‌ಗೆ ಬರುವುದೇ ಇಲ್ಲ. ಅದಕ್ಕೆ ಕ್ಯೂಲೂರ್ ಅನ್ನುವ ಬೇರೆ ಆಕರ್ಷಕ ಬೇಕು. ಮಾವಿನ ಬಲೆಯನ್ನು ಹಾಗಲದ ಚಪ್ಪರಕ್ಕೆ ಕಟ್ಟಿ ಕಾದರೆ ದುಡ್ಡು ದಂಡ.

ನೊಣಗಳನ್ನು ವಿಂಗಡಿಸುವುದು, ಯಾವುದಕ್ಕೆ ಯಾವುದು ಹತ್ತಿರದ ಸಂಬಂಧ ಅಂತ ಕಂಡುಹಿಡಿಯುವುದು ಮ್ಯೂಸಿಯಂನವರ ಹವ್ಯಾಸ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ತೋಟದ, ಕೊಟ್ಟಿಗೆಯ, ಆರೋಗ್ಯ ಇಲಾಖೆಯ ಕೆಲಸಕ್ಕೆ ತಳಪಾಯ. ಆ ತಳಪಾಯ ಹಾಕುವ ಜನ ಕಡಿಮೆ ಆಗುತ್ತಿದ್ದಾರೆ ಅನ್ನುವುದೇ ಈಗಿನ ಸಮಸ್ಯೆ.

ಮೊದಲು ನೊಣ ಅಂದರೆ ಏನು ಅಂತ ನೋಡೋಣ. ಹೆಚ್ಚಿನ ಕೀಟಗಳಿಗೆ ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ. ಹಿಂದಿನ ಜೋಡಿ ಕುಗ್ಗಿ, ತುದಿಯಲ್ಲಿ ಗುಂಡು ಇರುವ ಎರಡು ಸಣ್ಣ ಕಡ್ಡಿಗಳಾಗಿವೆ. ಹಾರುವಾಗ ಅವು ಅದುರುತ್ತಾ ಮೈ ಯಾವ ಕಡೆ ವಾಲುತ್ತಿದೆ ಅಂತ ನೊಣಕ್ಕೆ ತಿಳಿಸುತ್ತವೆ. ಈ ಗುರುತು ಇರುವುದೆಲ್ಲ ಒಂದೇ ಗಣಕ್ಕೆ ಸೇರುತ್ತದೆ. ಹಾಗಾಗಿ ಸೊಳ್ಳೆಯೂ ನೊಣಗಳ ಬಳಗದ್ದೇ. ಸಂಜೆ ಕಣ್ಣಿಗೆ ಬಂದು ಹೊಡೆಯುವ ಗುಂಗುರು, ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣ, ಭತ್ತದ ಸುಳಿಯನ್ನು ಕೊಳವೆ ಮಾಡುವ ಕಣೆ ನೊಣ ಎಲ್ಲವೂ ಅದೇ ಬಳಗ. ಇಲ್ಲಿಯವರೆಗೆ ಹೆಸರಿಟ್ಟಿರುವ ನೊಣ ಪ್ರಭೇದಗಳೇ ಜಗತ್ತಿನಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ.

ಇಷ್ಟು ದೊಡ್ಡ ಬಳಗದಲ್ಲಿ ಸಂಬಂಧ ಹುಡುಕುವುದು ಹೇಗೆ? ದಾರಿ ತೋರಿಸಿದವರು ಜರ್ಮನಿಯ ವಿಲ್ಲಿ ಹೆನ್ನಿಗ್. ಅವರೂ ನೊಣಗಳ ತಜ್ಞರೇ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಬ್ರಿಟಿಷರ ಕೈದಿಯಾಗಿದ್ದಾಗ ತಮ್ಮ ಸಿದ್ಧಾಂತದ ಕರಡು ಬರೆದರು. 1950ರಲ್ಲಿ ಅದು ಪುಸ್ತಕವಾಗಿ ಬಂತು. ಅವರು ಹೇಳಿದ್ದು ಸರಳ. ಎರಡು ಜೀವಿಗಳಿಗೆ ಸುಮ್ನೆ ಹೋಲಿಕೆ ಇದ್ದರೆ ಸಾಲದು. ಇಬ್ಬರಿಗೂ ಸಾಮಾನ್ಯನಾದ ಒಬ್ಬ ಪೂರ್ವಜನಲ್ಲಿ ಹೊಸದಾಗಿ ಹುಟ್ಟಿ, ಅವನ ಸಂತಾನಕ್ಕೆ ಮಾತ್ರ ಬಂದ ಗುರುತು ಬೇಕು. ಊರಿನ ಹಿರಿಯರು ಹುಡುಗನ ಮುಖ ನೋಡಿ ‘ಇವನು ಇಂಥವರ ಮನೆಯವನು’ ಅನ್ನುತ್ತಾರಲ್ಲ, ಎಲ್ಲರಿಗೂ ಇರುವ ಎರಡು ಕಣ್ಣು ನೋಡಿ ಹಾಗೆ ಹೇಳುವುದಿಲ್ಲ. ಆ ಮನೆಯವರಿಗೆ ಮಾತ್ರ ಇರುವ ಗದ್ದದ ಕುಳಿಯೋ ಹುಬ್ಬೋ ನೋಡಿ ಹೇಳುತ್ತಾರೆ.

ಈ ನಿಯಮ ಹಿಡಿದು ನೋಡಿದಾಗ ಹಳೆಯ ಪಠ್ಯಪುಸ್ತಕಗಳ ಒಂದು ದೊಡ್ಡ ಗುಂಪೇ ಕುಸಿಯಿತು. ಸೊಳ್ಳೆ, ಗುಂಗುರುಗಳಂಥ ಉದ್ದ ಮೀಸೆಯ ನೊಣಗಳನ್ನೆಲ್ಲ ಒಂದು ಪಾಲು, ಮನೆನೊಣದಂಥ ಗಿಡ್ಡ ಮೀಸೆಯವನ್ನು ಇನ್ನೊಂದು ಪಾಲು ಅಂತ ಮಾಡಿದ್ದರು. ಗಿಡ್ಡ ಮೀಸೆಯವು ನಿಜವಾಗಿಯೂ ಒಂದೇ ವಂಶ. ಉದ್ದ ಮೀಸೆ ಮಾತ್ರ ಎಲ್ಲ ನೊಣಗಳ ಪೂರ್ವಜರಿಗೂ ಇದ್ದ ಹಳೆಯ ಗುಣ. ಅದನ್ನು ಉಳಿಸಿಕೊಂಡವರೆಲ್ಲ ಒಂದೇ ಮನೆಯವರು ಆಗಬೇಕಿಲ್ಲ. ಅವುಗಳಲ್ಲಿ ಕೆಲವು ಸೊಳ್ಳೆಗಿಂತ ಮನೆನೊಣಕ್ಕೇ ಹತ್ತಿರ. 2011ರಲ್ಲಿ ಬಹುತೇಕ ಎಲ್ಲ ನೊಣ ಕುಟುಂಬಗಳ ಡಿಎನ್‌ಎ ಮತ್ತು ಮೈಗುರುತು ಎರಡನ್ನೂ ಸೇರಿಸಿ ಮಾಡಿದ ದೊಡ್ಡ ಅಧ್ಯಯನ ಬಂತು. ನೊಣಗಳ ವಂಶ ಒಂದೇ ಸಮನೆ ಬೆಳೆದಿಲ್ಲ, ಸುಮಾರು 22 ಕೋಟಿ, 18 ಕೋಟಿ ಮತ್ತು 6.5 ಕೋಟಿ ವರ್ಷಗಳ ಹಿಂದೆ ಮೂರು ಸಲ ದಿಢೀರನೆ ಕವಲೊಡೆದಿದೆ ಅಂತ ಅದು ತೋರಿಸಿತು. ಮನೆನೊಣ, ಹಣ್ಣುನೊಣ, ಊಜಿ ನೊಣ ಮೂರೂ ಬರುವುದು ಕೊನೆಯ ಕವಲಿನಿಂದ.

ವಂಶವೃಕ್ಷ ಸರಿಯಾದರೆ ತೋಟದ ಕೆಲವು ಒಗಟುಗಳೂ ಬಿಡಿಸಿಕೊಳ್ಳುತ್ತವೆ. ಹಾಗಲದ ನೊಣವನ್ನೇ ತೆಗೆದುಕೊಳ್ಳಿ. ಬಹಳ ವರ್ಷ ಅದು ಬ್ಯಾಕ್ಟ್ರೊಸೆರಾ ಅನ್ನುವ ಜಾತಿಯಲ್ಲೇ (ಹತ್ತಿರದ ಪ್ರಭೇದಗಳು ಸೇರಿದ ಗುಂಪಿಗೆ ಇಲ್ಲಿ ಜಾತಿ ಅನ್ನುತ್ತೇನೆ), ಮಾವಿನ ನೊಣದ ಜೊತೆ ಇತ್ತು. ಡಿಎನ್‌ಎ ಹೋಲಿಸಿದಾಗ ಅದು ಮತ್ತು ಅದರ ನೆಂಟರು ಡಾಕಸ್ ಅನ್ನುವ ಬೇರೆ ಜಾತಿಗೆ ಹೆಚ್ಚು ಹತ್ತಿರ ಅಂತ ಕಂಡಿತು. 2015ರಲ್ಲಿ ಅವನ್ನು ಝ್ಯೂಗೊಡಾಕಸ್ ಅನ್ನುವ ಪ್ರತ್ಯೇಕ ಜಾತಿ ಮಾಡಿದರು. ಡಾಕಸ್ ನೊಣಗಳಲ್ಲೂ ಬಹಳಷ್ಟು ಸೌತೆ, ಕುಂಬಳದ ಬಳ್ಳಿಗಳನ್ನೇ ಹಿಡಿಯುತ್ತವೆ. ಬಳ್ಳಿಯ ಕಾಯಿಗೆ ಬೀಳುವ ಚಾಳಿ ಯಾವ ಕಡೆಯಿಂದ ಬಂದಿರಬಹುದು ಅನ್ನುವುದು ಈಗ ಸ್ಪಷ್ಟ ಆಗುತ್ತದೆ, ಅಲ್ವಾ? ಹೆಸರು ಬದಲಾಯಿಸಿದಾಗ ರೈತರಿಗೂ ವಿದ್ಯಾರ್ಥಿಗಳಿಗೂ ಕಿರಿಕಿರಿ ಆಗುತ್ತದೆ, ನಿಜ. ಹಳೆಯ ಕರಪತ್ರದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಆದರೂ ಸಂಬಂಧ ತಪ್ಪಾಗಿದ್ದಾಗ ಹಳೆಯ ಹೆಸರಿಗೇ ಅಂಟಿಕೊಂಡಿರುವುದು ಸರಿಯಲ್ಲ.

ಡಾರ್ಸಾಲಿಸ್‌ನ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಒಂದನ್ನೇ ಹಲವು ಅಂದುಕೊಂಡಿದ್ದರು. 1912ರಲ್ಲಿ ತೈವಾನಿನ ಮಾದರಿಯಿಂದ ಡಾರ್ಸಾಲಿಸ್‌ಗೆ ಹೆಸರು ಬಂತು. 1994ರಲ್ಲಿ ಆಗ್ನೇಯ ಏಷ್ಯಾದ ಇಂಥದೇ ನೊಣಗಳನ್ನು ಪಪಾಯೇ, ಫಿಲಿಪೈನೆನ್ಸಿಸ್, ಕ್ಯಾರಂಬೋಲೇ ಅಂತ ಬೇರೆ ಬೇರೆ ಮಾಡಿದರು. 2003ರಲ್ಲಿ ಕೀನ್ಯಾದಲ್ಲಿ ಹೊಸದೊಂದು ಕಾಣಿಸಿಕೊಂಡಿತು. ಆಫ್ರಿಕಾದ ಮಾವನ್ನು ಬಾಚಿ ತಿಂದ ಅದಕ್ಕೆ 2005ರಲ್ಲಿ ಇನ್ವೇಡೆನ್ಸ್ ಅಂತ ಹೆಸರಿಟ್ಟರು. ಹೆಸರು ಬೇರೆ ಆದ ಕೂಡಲೇ ವ್ಯಾಪಾರದ ಬೇಲಿಗಳೂ ಬೇರೆ ಆದವು. ನಿಮ್ಮಲ್ಲಿ ಇರುವ ನೊಣ ನಮ್ಮಲ್ಲಿ ಇಲ್ಲ, ಹಾಗಾಗಿ ನಿಮ್ಮ ಹಣ್ಣು ಬೇಡ ಅನ್ನಲು ಆಮದು ದೇಶಗಳಿಗೆ ಅಷ್ಟು ಸಾಕು. ಕೊನೆಗೆ ಹಲವು ದೇಶದ ವಿಜ್ಞಾನಿಗಳು ಒಟ್ಟು ಸೇರಿ ಮೈಗುರುತು, ಡಿಎನ್‌ಎ, ಗಂಡಿನ ವಾಸನೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದರ ಜೊತೆ ಒಂದು ಕೂಡಿ ಸರಿಯಾದ ಮರಿ ಆಗುತ್ತದೆಯೇ ಅಂತ ಪರೀಕ್ಷಿಸಿದರು. 2015ರ ಹೊತ್ತಿಗೆ ಪಪಾಯೇ, ಫಿಲಿಪೈನೆನ್ಸಿಸ್, ಇನ್ವೇಡೆನ್ಸ್ ಮೂರೂ ಡಾರ್ಸಾಲಿಸ್ ಒಳಗೇ ಸೇರಿದವು. ಕ್ಯಾರಂಬೋಲೇ ಮಾತ್ರ ಬೇರೆಯಾಗಿ ಉಳಿಯಿತು.

ಕೂಡುವ ಪರೀಕ್ಷೆಗೆ ಇಷ್ಟು ಮಹತ್ವ ಯಾಕೆ ಅಂದರೆ, ಕೆಲವು ದೇಶಗಳಲ್ಲಿ ವಿಕಿರಣದಿಂದ ಸಂತಾನಶಕ್ತಿ ಕಳೆದ ಗಂಡು ನೊಣಗಳನ್ನು ಲಕ್ಷಗಟ್ಟಲೆ ಬಿಟ್ಟು ಪೀಡೆಯನ್ನು ತಗ್ಗಿಸುತ್ತಾರೆ. ಬಿಟ್ಟ ಗಂಡು ಮತ್ತು ತೋಟದ ಹೆಣ್ಣು ಒಂದೇ ಪ್ರಭೇದದವು ಆಗಿರದಿದ್ದರೆ ಆ ಖರ್ಚೆಲ್ಲ ನೀರಿನಲ್ಲಿ ಹೋಮ.

ಹಣ್ಣುನೊಣದ ಬಿಸಿ ನಮ್ಮ ದೇಶಕ್ಕೂ ತಟ್ಟಿದೆ. 2014ರ ಮೇ ತಿಂಗಳಿಂದ ಯುರೋಪಿಯನ್ ಒಕ್ಕೂಟ ಭಾರತದ ಮಾವನ್ನು ತಡೆಯಿತು. ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವನ್ನೂ ಸೇರಿಸಿತು. ಅದರ ಹಿಂದಿನ ವರ್ಷ ಭಾರತದಿಂದ ಹೋದ 207 ಸರಕುಗಳಲ್ಲಿ ಹಣ್ಣುನೊಣದಂಥ ಪೀಡೆಗಳು ಸಿಕ್ಕಿದ್ದೇ ಕಾರಣ. ಮಾವಿನ ಮೇಲಿನ ತಡೆ 2015ರ ಆರಂಭದಲ್ಲಿ ತೆರವಾಯಿತು. ಬಂದರಿನಲ್ಲಿ ಸಿಗುವುದು ಸಾಮಾನ್ಯವಾಗಿ ಪೂರ್ತಿ ಬೆಳೆದ ನೊಣ ಅಲ್ಲ, ಬಿಳಿ ಹುಳು. ಅದರ ಮೇಲೆ ಪಟ್ಟಿಯೂ ಇಲ್ಲ, ಚುಕ್ಕೆಯೂ ಇಲ್ಲ. ಅಲ್ಲಿ ಡಿಎನ್‌ಎ ಪರೀಕ್ಷೆ ಇಲ್ಲದೆ ಕೆಲಸ ಆಗುವುದಿಲ್ಲ.

ಆರೋಗ್ಯದ ಕಡೆಯ ಉದಾಹರಣೆ ಇನ್ನೂ ಬಲವಾದದ್ದು. ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕುಲಿಸಿಫೇಸಿಸ್ ಸೊಳ್ಳೆ ಒಂದೇ ಪ್ರಭೇದ ಅಂತ ಹಿಂದೆ ತಿಳಿದಿದ್ದರು. 1980ರಲ್ಲಿ ಕ್ರೋಮೋಸೋಮುಗಳ ಪಟ್ಟಿಗಳನ್ನು ನೋಡಿ ಅದರಲ್ಲಿ ಕನಿಷ್ಠ ಎರಡು ಪ್ರಭೇದ ಇವೆ ಅಂತ ಗೊತ್ತಾಯಿತು. ಈಗ ಎ, ಬಿ, ಸಿ, ಡಿ, ಇ ಅಂತ ಐದು. ಕಣ್ಣಿಗೆ ಐದೂ ಒಂದೇ. ಆದರೆ ‘ಎ’ ಮಲೇರಿಯಾ ಹರಡುತ್ತದೆ, ‘ಬಿ’ ಸಾಮಾನ್ಯವಾಗಿ ಅಷ್ಟು ಅಪಾಯದ್ದಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ನೋಡಿದಾಗ ‘ಎ’ ಹೆಚ್ಚಾಗಿ ಬಾವಿಗಳಲ್ಲಿ ಬೆಳೆಯುತ್ತಿತ್ತು. ಆದ್ದರಿಂದ ಬಾವಿಗಳನ್ನೇ ಗುರಿ ಇಟ್ಟು ಗಪ್ಪಿ ಮೀನು ಬಿಟ್ಟರು. ಈ ಕೆಲಸದ ವರದಿ 2005ರಲ್ಲಿ ಪ್ರಕಟವಾಯಿತು. ಎರಡನ್ನೂ ಒಂದೇ ಅಂದುಕೊಂಡಿದ್ದರೆ ಹಳ್ಳ, ಹೊಳೆ, ಬಾವಿ ಎಲ್ಲದಕ್ಕೂ ಔಷಧಿ ಹೊಡೆಯುತ್ತಾ ಕೂರಬೇಕಿತ್ತು. ಯಾವ ಸೊಳ್ಳೆ ಅಂತ ತಿಳಿದಿದ್ದರಿಂದ ಮೀನು ಸಾಕಾಯಿತು. ವರ್ಗೀಕರಣದಿಂದ ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಕಡೂರು, ಅರಸೀಕೆರೆಯ ಕುರಿ ಸಾಕುವವರಿಗೆ ನೀಲಿ ನಾಲಿಗೆ ರೋಗ ಗೊತ್ತು. ಅದನ್ನು ಹರಡುವುದು ಕ್ಯೂಲಿಕಾಯ್ಡಿಸ್ ಅನ್ನುವ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದೋ ಸಣ್ಣದೋ ಆದ ಕಚ್ಚುವ ನೊಣ. ಅಡಿಕೆ ತೋಟದ ಮಧ್ಯೆ ಕೋಕೋ ಹಾಕಿದವರ ಗಿಡದಲ್ಲಿ ಕಾಯಿ ಕಟ್ಟಬೇಕಾದರೆ ಪರಾಗ ಸಾಗಿಸುವುದೂ ಅದೇ ಕುಟುಂಬದ ನೊಣ. ಒಂದು ಕುಟುಂಬ, ಒಂದು ಕುರಿಯ ಶತ್ರು, ಇನ್ನೊಂದು ಕೋಕೋದ ಮಿತ್ರ. ಬೇರೆ ಮಾಡಲು ರೆಕ್ಕೆಯ ಚುಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಬೇಕು. ಹಾಗೆ ಓದಲು ಬರುವವರು ಎಷ್ಟು ಜನ ಇದ್ದಾರೆ?

ಇಲ್ಲಿಗೆ ಬಂದಾಗ ಹಲವರು ಡಿಎನ್‌ಎ ಬಾರ್‌ಕೋಡ್ ಇದೆಯಲ್ಲ ಅನ್ನುತ್ತಾರೆ. 2003ರಲ್ಲಿ ಕೆನಡಾದಲ್ಲಿ ಶುರುವಾದ ವಿಧಾನ ಅದು. ಜೀವಕೋಶದ ಮೈಟೊಕಾಂಡ್ರಿಯಾದ ಒಂದು ಜೀನಿನ ಸುಮಾರು 650 ಅಕ್ಷರಗಳನ್ನು ಓದಿ, ಸಂಗ್ರಹದಲ್ಲಿರುವ ಅಕ್ಷರಗಳ ಜೊತೆ ಹೋಲಿಸುತ್ತಾರೆ. ಒಳ್ಳೆಯ ಸಾಧನ, ಅನುಮಾನವೇ ಇಲ್ಲ. ಅದರಿಂದ ಗೊತ್ತಾದದ್ದು ನೋಡಿದರೆ ದಿಗಿಲಾಗುತ್ತದೆ. ನಮ್ಮ ಭತ್ತದ ಕಣೆ ನೊಣ ಸೇರುವ ಕುಟುಂಬದಲ್ಲಿ ಇಡೀ ಜಗತ್ತಿನಲ್ಲಿ ಹೆಸರಿಟ್ಟಿರುವುದು ಆರು ಸಾವಿರ ಚಿಲ್ಲರೆ ಪ್ರಭೇದ. 2016ರಲ್ಲಿ ಬಾರ್‌ಕೋಡ್ ಲೆಕ್ಕ ಹಾಕಿದಾಗ ಕೆನಡಾ ಒಂದರಲ್ಲೇ ಸುಮಾರು 16,000 ಇರಬಹುದು ಅಂತ ಬಂತು. 2023ರಲ್ಲಿ ಎಂಟು ದೇಶಗಳ ಕೀಟ ಬಲೆಗಳನ್ನು ಹೋಲಿಸಿದ ಅಧ್ಯಯನದಲ್ಲಿ, ಎಲ್ಲಿ ಬಲೆ ಇಟ್ಟರೂ ಅರ್ಧಕ್ಕಿಂತ ಹೆಚ್ಚು ಪ್ರಭೇದಗಳು ಅದೇ 20 ಕುಟುಂಬಗಳಿಂದ ಬರುತ್ತವೆ ಅಂತ ಕಂಡಿತು. ಅವುಗಳಲ್ಲಿ 10 ಕುಟುಂಬ ನೊಣಗಳವೇ. ಜನ ಕಡೆಗಣಿಸಿರುವುದೂ ಇಂಥ ಗುಂಪುಗಳನ್ನೇ. ಬಾಬಾಬುಡನ್‌ಗಿರಿಯ ಶೋಲಾ ಕಾಡಿನಲ್ಲಿ ಅಂಥ ಒಂದು ಬಲೆ ಇಟ್ಟರೆ ಹೆಸರೇ ಇಲ್ಲದ ನೊಣಗಳು ಸಿಗುತ್ತವೆ ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ.

ಆದರೆ ಬಾರ್‌ಕೋಡ್ ತನ್ನಷ್ಟಕ್ಕೆ ಹೆಸರು ಹೇಳುವುದಿಲ್ಲ. ಅದು ಹೇಳುವುದು ‘ಈ ಅಕ್ಷರಗಳು ಇಂಥ ಮಾದರಿಗೆ ಹೊಂದುತ್ತವೆ’ ಅಂತ ಮಾತ್ರ. ಆ ಮಾದರಿಯನ್ನು ಯಾರೋ ಒಬ್ಬರು ಮೊದಲು ಕೈಯಲ್ಲಿ ಹಿಡಿದು, ರೆಕ್ಕೆಯ ನರ, ಮೈಯ ಮುಳ್ಳುಗೂದಲು, ಗಂಡಿನ ಜನನಾಂಗ ಎಲ್ಲ ನೋಡಿ ಸರಿಯಾಗಿ ಗುರುತಿಸಿರಬೇಕು. ಅವರು ತಪ್ಪಿದ್ದರೆ ಆಮೇಲೆ ಬರುವ ಸಾವಿರ ಪರೀಕ್ಷೆಗಳೂ ಅದೇ ತಪ್ಪನ್ನು ಹೇಳುತ್ತವೆ. ಇನ್ನೊಂದು ತೊಡಕು ಇದೆ. ಡಾರ್ಸಾಲಿಸ್ ಮತ್ತು ಕ್ಯಾರಂಬೋಲೇ ಬೇರೆ ಪ್ರಭೇದಗಳಾದರೂ ಈ ಒಂದು ಜೀನಿನಿಂದ ಅವನ್ನು ಖಚಿತವಾಗಿ ಬೇರೆ ಮಾಡಲು ಆಗುವುದಿಲ್ಲ. ಕೀಟಗಳ ಮೈಯೊಳಗೆ ಬದುಕುವ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ತಾಯಿಯಿಂದ ಮಕ್ಕಳಿಗೆ ಹೋಗುವಾಗ ಮೈಟೊಕಾಂಡ್ರಿಯಾದ ಲೆಕ್ಕವನ್ನು ತಲೆಕೆಳಗು ಮಾಡುವುದೂ ಉಂಟು.

ಪ್ರಭೇದದ ಗೆರೆ ಎಷ್ಟು ಮಸುಕು ಅನ್ನುವುದಕ್ಕೆ ನಮ್ಮ ಮೈಸೂರಿನದೇ ಕೆಲಸ ಇದೆ. ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಡ್ರೊಸೋಫಿಲಾ ನೊಣಗಳನ್ನು ಸಾಕಿ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ಬಾಳೆಹಣ್ಣು ಕೊಳೆತರೆ ಮುತ್ತುವ ಪುಟ್ಟ ನೊಣಗಳು ಇವು. ಭಾರತದಲ್ಲಿರುವ ಡ್ರೊಸೋಫಿಲಾ ನಾಸುಟಾಕ್ಕೆ ಎಂಟು ಕ್ರೋಮೋಸೋಮು. ಥಾಯ್ಲೆಂಡ್, ಜಪಾನ್ ಕಡೆಯ ಅಲ್ಬೊಮಿಕಾನ್ಸ್‌ಗೆ ಆರು. ಅಲ್ಲಿ ಒಂದು ಕ್ರೋಮೋಸೋಮು ಲಿಂಗ ಕ್ರೋಮೋಸೋಮಿಗೆ ಬೆಸೆದುಹೋಗಿದೆ. ಎಂಟರದು ಆರರದರ ಜೊತೆ ಕೂಡಿದರೆ ಮುಂದಿನ ಪೀಳಿಗೆ ಬಂಜೆ ಆಗಬೇಕು ಅನಿಸುತ್ತದೆ. ಪ್ರಯೋಗಾಲಯದಲ್ಲಿ ಹಾಗೆ ಆಗಲಿಲ್ಲ, ಮರಿಗಳೂ ಮರಿ ಹಾಕಿದವು. ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಇಂಥ ಮಿಶ್ರ ಸಂತಾನವನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿ, ಹೊಸ ಕ್ರೋಮೋಸೋಮು ಜೋಡಣೆ ಇರುವ ತಳಿಗಳನ್ನೇ ಪಡೆದರು. ಹೊಸ ಪ್ರಭೇದ ಹುಟ್ಟುವ ದಾರಿಯ ಮೊದಲ ಹೆಜ್ಜೆಗಳನ್ನು ಗಾಜಿನ ಬಾಟಲಿಯಲ್ಲಿ ನೋಡಿದ ಹಾಗೆ ಆಯಿತು.

ಇಂಥ ಕೆಲಸಕ್ಕೆ ಕಾಲ ಬೇಕು, ತಾಳ್ಮೆ ಬೇಕು, ಜೀವಮಾನವಿಡೀ ಒಂದೇ ಗುಂಪಿನ ಮೇಲೆ ಕೂರುವ ಜನ ಬೇಕು. ಈಗಿನ ವ್ಯವಸ್ಥೆ ಅದಕ್ಕೆ ಪ್ರೋತ್ಸಾಹ ಕೊಡುತ್ತಿಲ್ಲ. ಒಂದು ಪ್ರಭೇದದ ಸರಿಯಾದ ವಿವರಣೆ ನೂರು ವರ್ಷ ಬಳಕೆಗೆ ಬರುತ್ತದೆ. ಆದರೆ ಬಡ್ತಿ, ಅನುದಾನಕ್ಕೆ ಎರಡು ಮೂರು ವರ್ಷದಲ್ಲಿ ಎಷ್ಟು ಜನ ಉಲ್ಲೇಖಿಸಿದರು ಅನ್ನುವುದೇ ಲೆಕ್ಕ. ಯುವಕರು ಬೇರೆ ಕಡೆ ಹೋಗದೆ ಇನ್ನೇನು ಮಾಡುತ್ತಾರೆ? ಭಾರತದ ಕೆಲವು ನೊಣ ಗುಂಪುಗಳಿಗೆ ಇವತ್ತಿಗೂ ಮೊದಲು ತೆರೆಯಬೇಕಾದದ್ದು ಎನ್ರಿಕೋ ಬ್ರುನೆಟ್ಟಿ 1912ರಿಂದ 1923ರ ನಡುವೆ ಬರೆದ ಸಂಪುಟಗಳನ್ನೇ. ವೃತ್ತಿಯಲ್ಲಿ ಆತ ಸಂಗೀತಗಾರ. ಒಬ್ಬ ಹವ್ಯಾಸಿ ಮಾಡಿಟ್ಟ ಕೆಲಸವನ್ನು ನಾವು ಇನ್ನೂ ಪೂರ್ತಿ ಪರಿಷ್ಕರಿಸಿಲ್ಲ ಅನ್ನುವುದು ಬೇಸರದ ಸಂಗತಿ.

ಎಲ್ಲವೂ ಬೆಂಗಳೂರಿಗೇ ಹೋಗಬೇಕು ಅನ್ನುವುದೂ ಸರಿಯಲ್ಲ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಮಾದರಿಗಳ ದೊಡ್ಡ ಸಂಗ್ರಹ ಇದೆ, ಹಣ್ಣುನೊಣ ಗುರುತಿಸುವ ತಜ್ಞರೂ ಇದ್ದಾರೆ. ಕೊನೆಯ ಮಾತು ಅವರದೇ ಇರಲಿ. ಆದರೆ ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಈ ಮೂರು ಕಡೆ ಸುತ್ತಲಿನ ತೋಟ, ಕಾಡಿನ ನೊಣಗಳ ಮಾದರಿ ಪೆಟ್ಟಿಗೆಯನ್ನು ಜನರಿಗೆ ಸಿಗುವ ಹಾಗೆ ಇಟ್ಟು, ಅದನ್ನು ನೋಡಿಕೊಳ್ಳುವ ಒಂದು ಕಾಯಂ ಹುದ್ದೆ ಕೊಟ್ಟರೆ ಸಾಕು. ಖರ್ಚು ದೊಡ್ಡದೇನಲ್ಲ. ಬೆಳೆಗಾರರ ಸಂಘಗಳು ಕೇಳಬೇಕಾದ ಬೇಡಿಕೆಗಳಲ್ಲಿ ಇದೂ ಒಂದು ಅಂತ ನಾನು ನಂಬಿದ್ದೇನೆ.

ಅಲ್ಲಿಯವರೆಗೆ ರೈತರು ಮಾಡಬಹುದಾದ ಕೆಲಸ ಒಂದಿದೆ. ಬಲೆಗೆ ಬಿದ್ದದ್ದನ್ನು ಮಾತ್ರ ಕಳಿಸಿದರೆ ತಜ್ಞರಿಗೆ ಗಂಡು ನೊಣ ಅಷ್ಟೇ ಸಿಗುತ್ತದೆ, ಯಾವ ಹಣ್ಣಿನಿಂದ ಬಂತು ಅಂತಲೂ ತಿಳಿಯುವುದಿಲ್ಲ. ಅದರ ಬದಲು ಹುಳು ಬಿದ್ದ ಹಣ್ಣನ್ನು ಒಂದು ಡಬ್ಬದಲ್ಲಿ, ಸ್ವಲ್ಪ ತೇವದ ಮರಳಿನ ಮೇಲೆ ಇಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಬೇಕು. ಹುಳು ಹಣ್ಣಿನಿಂದ ಹೊರಬಂದು ಮರಳಿಗೆ ಇಳಿದು ಕಂದು ಬಣ್ಣದ ಕೋಶ ಆಗುತ್ತದೆ. ಕೆಲವು ದಿನದಲ್ಲಿ ನೊಣ ಹೊರಬರುತ್ತದೆ. ಆಗಲೇ ಕೊಲ್ಲಬಾರದು. ಹೊಸದಾಗಿ ಹೊರಬಂದ ನೊಣದ ಬಣ್ಣ ಪೇಲವ, ಪಟ್ಟಿಗಳು ಸರಿಯಾಗಿ ಮೂಡಿರುವುದಿಲ್ಲ. ಸಕ್ಕರೆ ನೀರು ಅದ್ದಿದ ಹತ್ತಿ ಒಳಗಿಟ್ಟು ನಾಲ್ಕೈದು ದಿನ ಬದುಕಲು ಬಿಡಬೇಕು. ಬಣ್ಣ ಕೂಡಿದ ಮೇಲೆ ಗಂಡು, ಹೆಣ್ಣು ಎರಡನ್ನೂ ಶುದ್ಧ ಆಲ್ಕೋಹಾಲ್ ಇರುವ ಸಣ್ಣ ಶೀಶೆಗೆ ಹಾಕಬೇಕು. ಆಗ ಡಿಎನ್‌ಎ ಕೂಡ ಕೆಡದೆ ಉಳಿಯುತ್ತದೆ. ಶೀಶೆಯ ಒಳಗೇ, ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಬೇಕು: ಊರು, ತಾಲ್ಲೂಕು, ತಾರೀಕು, ಯಾವ ಹಣ್ಣು, ಹಿಡಿದವರ ಹೆಸರು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಚೀಟಿ ಇಲ್ಲದ ನೊಣ ಎಷ್ಟೇ ಅಪರೂಪದ್ದಾದರೂ ಯಾರ ಉಪಯೋಗಕ್ಕೂ ಬರುವುದಿಲ್ಲ.